ಜೀಪಿನ ಟಾಪಿಗೆ ತೆಂಗಿನೆಣ್ಣೆ

ತೆಂಗಿನೆಣ್ಣೆಯ ಡಬ್ಬಿ ಅವತ್ತು ಯಾರ ಕೈಯಲ್ಲಿತ್ತು ಎಂಬುದು ನನಗೆ ಗೊತ್ತಿಲ್ಲ. ಭಾವನ ಕೈಯಲ್ಲಿತ್ತು ಎಂದು ಇಷ್ಟು ವರ್ಷ ಅಂದುಕೊಂಡಿದ್ದೆ. ಈಗ ನೆನೆಸಿಕೊಂಡರೆ ಡಬ್ಬಿ ಜೀಪಿನ ಬಾನೆಟ್ಟಿನ ಮೇಲಿದೆ, ಮುಚ್ಚಳ ತೆಗೆದಿದೆ, ಪಕ್ಕದಲ್ಲಿ ಗೋಡೆಗೆ ಬಣ್ಣ ಹೊಡೆಯುವ ಅಗಲದ ಬ್ರಷ್ ಇದೆ. ಮನುಷ್ಯರು ಯಾರೂ ಇಲ್ಲ. ಇದು ನೆನಪೋ, ಅಕ್ಕ ಫೋನಿನಲ್ಲಿ ಹೇಳಿದ್ದನ್ನು ಕೇಳಿ ನಾನೇ ಕಟ್ಟಿಕೊಂಡ ಚಿತ್ರವೋ ಹೇಳಲಾರೆ. ಅವತ್ತು ನಾನು ಅಲ್ಲಿದ್ದೆನೇ ಎಂಬುದೇ ಖಾತ್ರಿಯಿಲ್ಲ.

ಅನುಮಾನ ಪಡುವುದು ನನ್ನ ಉದ್ಯೋಗವೂ ಹೌದು. ಜರ್ಮನಿಯ ರೆನ್ನಿಂಗೆನ್ ಎಂಬ ಊರಿನ ಸಂಶೋಧನಾ ಕೇಂದ್ರವೊಂದರಲ್ಲಿ, ಅಳೆಯುವ ಉಪಕರಣಗಳು ಸರಿಯಾಗಿ ಅಳೆಯುತ್ತಿವೆಯೇ ಎಂದು ನೋಡುವವರಲ್ಲಿ ನಾನೊಬ್ಬ. ಉಪಕರಣ ದಿನದಿಂದ ದಿನಕ್ಕೆ ಚೂರುಚೂರೇ ಜಾರುತ್ತದೆ, ಜಾರಿದ್ದು ಅದಕ್ಕೆ ತಿಳಿಯುವುದಿಲ್ಲ. ನೆನಪೂ ಅಂಥದ್ದೇ ಒಂದು ಉಪಕರಣ ಎಂದು ವಿಶ್ವವಿದ್ಯಾಲಯದ ದಿನಗಳಿಂದ ಊಟದ ಮೇಜುಗಳಲ್ಲಿ ವಾದಿಸುತ್ತ ಬಂದವನು ನಾನು. ನಿಂತಲ್ಲಿ ನಿಲ್ಲದ ಸ್ವಭಾವ ಬೇರೆ. ಈ ಊರುಗಳಲ್ಲೇ ಎಷ್ಟೋ ಮನೆ ಬದಲಾಯಿಸಿದ್ದೇನೆ, ಪ್ರತಿ ಸಲವೂ ಹಿಂದಿನ ಮನೆಯ ನೆನಪು ಇನ್ನೊಂದರ ಜೊತೆ ಕಲಸಿಹೋಗಿದೆ. ಅದರಿಂದ ಯಾರಿಗೂ ನಷ್ಟವಾಗಿರಲಿಲ್ಲ.

ಕಳೆದ ಚಳಿಗಾಲದಲ್ಲಿ ಅಕ್ಕ ಅಡುಗೆಮನೆಯಲ್ಲಿ ಪಾತ್ರೆ ಒರೆಸುತ್ತ, ನನ್ನ ಕಡೆ ನೋಡದೆ ಕೇಳಿದಳು.

“ಆ ವರ್ಷ ಜೀಪಿನ ಟಾಪಿಗೆ ತೆಂಗಿನೆಣ್ಣೆ ಹಚ್ಚಿದ್ರಲ್ಲ. ಆಗ್ಲೇ ಶುರುವಾಗಿತ್ತಾ ಅವರಿಗೆ?”

ಶುರುವಾಗಿತ್ತಾ ಎಂದರೆ ಮರೆವಿನ ರೋಗ. ಭಾವ ಈಗ ‘ಹೈಮ್’ ಎಂದು ಇಲ್ಲಿ ಕರೆಯುವ ಆರೈಕೆಯ ಮನೆಯಲ್ಲಿದ್ದಾರೆ. ಮನೆಯಿಂದ ಎರಡು ಬಸ್ ನಿಲ್ದಾಣ ದಾಟಿದರೆ ಸಿಗುವ ಹಳದಿ ಕಟ್ಟಡ, ಅದರ ಎರಡನೇ ಮಹಡಿ.

“ನಂಗೆ ಹೇಗೆ ಗೊತ್ತಾಗ್ತದೆ?” ಎಂದೆ.

“ನೀನಿದ್ದಿ ಅಲ್ಲಿ.”

“ಇದ್ದೆನಾ?”

“ಹೋಗು ಮಾರಾಯ. ನಿನ್ನ ಹತ್ರ ಕೇಳಿದ್ದೇ ತಪ್ಪು.”

ಅವಳು ಯಾಕೆ ಕೇಳುತ್ತಿದ್ದಾಳೆ ಎಂದು ಆಗ ನನಗೆ ಗೊತ್ತಿರಲಿಲ್ಲ. ಪಾತ್ರೆಗಳನ್ನೆಲ್ಲ ಒರೆಸಿಟ್ಟ ಮೇಲೆ ಅವಳೇ ಹೇಳಿದಳು. ಅಕ್ಕ ಮದುವೆಗೆ ಮುಂಚೆ ಉಡುಪಿಯ ಒಂದು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದಳು. ಕೆಲಸ ಖಾಯಂ ಆಗುವ ಹೊತ್ತಿಗೆ ಭಾವನಿಗೆ ಜರ್ಮನಿಯಲ್ಲಿ ಕೆಲಸ ಸಿಕ್ಕಿತು, ಅವಳು ರಾಜೀನಾಮೆ ಕೊಟ್ಟು ಬಂದಳು. ಇಲ್ಲಿ ಅವಳ ಪದವಿಗೆ ಬೆಲೆ ಬರಲಿಲ್ಲ. ಭಾಷೆ ಕಲಿತು, ಮಗಳನ್ನು ಬೆಳೆಸಿ, ಒಂದು ನರ್ಸರಿಯಲ್ಲಿ ಗಿಡಗಳಿಗೆ ನೀರು ಹಾಕುವ ಅರೆಕಾಲಿಕ ಕೆಲಸ ಮಾಡಿದಳು. ಈ ವಿಷಯ ಅವರಿಬ್ಬರ ನಡುವೆ ಒಂದು ದಿನವೂ ಮಾತಿಗೆ ಬರಲಿಲ್ಲವಂತೆ. ಜಗಳಕ್ಕೂ ಬರಲಿಲ್ಲ. ಎಣ್ಣೆ ಹಚ್ಚಿದ ಆ ಬೇಸಿಗೆಯಲ್ಲಿ ಅವರಿಬ್ಬರೇ ಜೀಪು ತೆಗೆದುಕೊಂಡು ಬೋಡನ್ ಸರೋವರದ ಕಡೆ ಹೋಗಿದ್ದರು. ದಡದಲ್ಲಿ ಗಾಡಿ ನಿಲ್ಲಿಸಿದ್ದಾಗ ಮಳೆ ಬಂತು. ಇಬ್ಬರೂ ಟಾಪಿನ ಅಡಿಯಲ್ಲಿ ಕೂತಿದ್ದರು. ಅಲ್ಲಿ ಭಾವ ಎದುರಿನ ಗಾಜನ್ನೇ ನೋಡುತ್ತ, “ನಿನ್ನ ಕೆಲ್ಸ ಬಿಡ್ಸಿದ್ದು ನಾನು. ಅದು ನಂಗೆ ಗೊತ್ತುಂಟು. ದಿನಾ ಗೊತ್ತುಂಟು,” ಎಂದರು.

“ಅಷ್ಟೇ?” ಎಂದೆ.

“ಅಷ್ಟೇ. ಆಮೇಲೆ ವೈಪರ್ ಹಾಕಿದ್ರು.”

ಅವಳು ಬಟ್ಟೆಯನ್ನು ಮಡಚಿ ಒಲೆಯ ಹಿಡಿಗೆ ನೇತುಹಾಕಿದಳು. “ಅದು ಅವರು ಹೇಳಿದ್ದಾ, ರೋಗ ಹೇಳಿಸಿದ್ದಾ? ನಂಗೆ ಅಷ್ಟು ಗೊತ್ತಾದ್ರೆ ಸಾಕು.”

ನಾನು ಏನೋ ಹೇಳಿದೆ. ಇಂಥ ರೋಗಕ್ಕೆ ಇಂಥ ದಿನ ಶುರುವಾಯಿತು ಎಂದು ಇರುವುದಿಲ್ಲ, ಅದು ಒಂದು ಇಳಿಜಾರು, ಎಂದು. ಹೇಳುವಾಗ ನನ್ನ ದನಿ ಕಚೇರಿಯ ದನಿಯಂತಿತ್ತು. ಅವಳು ತಲೆಯಾಡಿಸಿದಳು. ನಾನು ಕೋಟು ಹಾಕಿಕೊಂಡು ನಿಲ್ದಾಣಕ್ಕೆ ನಡೆದೆ.

*

ಅದು ನಿಜವಾಗಿ ಜೀಪಲ್ಲ. ಸೇನೆಯವರು ಬಳಸಿ ಮಾರಿದ ಹಳೆಯ ಗಾಡಿ. ಇಲ್ಲಿಯವರು ಅದನ್ನು ‘ಗೆಲೆಂಡೆವಾಗೆನ್’ ಎನ್ನುತ್ತಾರೆ, ಬೆಟ್ಟಗುಡ್ಡ ಹತ್ತುವ ಗಾಡಿ ಎಂದು. ನಮ್ಮ ಕಡೆ ಕ್ಯಾನ್ವಾಸ್ ಟಾಪ್ ಇದ್ದರೆ ಯಾವ ಗಾಡಿಯೂ ಜೀಪೇ. ಪಕ್ಕದ ಮನೆಯ ಮುದುಕರು ಪ್ರತಿ ಸಲ ತಿದ್ದುತ್ತಿದ್ದರು, ಭಾವ ಪ್ರತಿ ಸಲ ಕ್ಷಮೆ ಕೇಳಿ ಮತ್ತೆ ಜೀಪು ಎನ್ನುತ್ತಿದ್ದರು. ಬಣ್ಣ ಒಣಗಿದ ಪಾಚಿಯದ್ದು. ಒಳಗೆ ಕಬ್ಬಿಣದ ಮೂರು ಕಮಾನು, ಅವುಗಳ ಮೇಲೆ ದಪ್ಪ ಹತ್ತಿಯ ಬಟ್ಟೆ, ಹಿಂದೆ ಪ್ಲಾಸ್ಟಿಕ್ಕಿನ ಒಂದು ಕಿಟಕಿ, ಸುತ್ತ ಪಟ್ಟಿ ತೂರಿಸಲು ಹಿತ್ತಾಳೆಯ ಕಣ್ಣುಗಳು, ಚರ್ಮದ ಪಟ್ಟಿಗಳು.

ಭಾವನಿಗೆ ಎಂಜಿನ್ನಿನ ಮೇಲೆ ಅಂಥ ಪ್ರೀತಿ ಇರಲಿಲ್ಲ. ಅದನ್ನು ಒಬ್ಬ ಮೆಕ್ಯಾನಿಕ್ ನೋಡಿಕೊಳ್ಳುತ್ತಿದ್ದ. ಅವರ ಗಮನವೆಲ್ಲ ಬಟ್ಟೆಯ ಮೇಲೆ. ಶ್ವೀಬರ್ಡಿಂಗೆನ್‌ನ ಕಂಪನಿಯಲ್ಲಿ ಅವರ ಕೆಲಸ ಕಾರಿನ ಎಲೆಕ್ಟ್ರಾನಿಕ್ ಪೆಟ್ಟಿಗೆಗಳ ಒಳಗೆ ನೀರು ಹೋಗದಂತೆ ನೋಡಿಕೊಳ್ಳುವುದು. ರಬ್ಬರು, ಅಂಟು, ಬಿಗಿತ. “ಕರಾವಳಿಯವನಿಗೆ ಜರ್ಮನಿಯಲ್ಲಿ ಎಂತ ಕೆಲ್ಸ ಕೊಟ್ರು ನೋಡು. ಮಳೆ ಹೊರಗೆ ಇಡುದು,” ಎನ್ನುತ್ತಿದ್ದರು. ಮನೆಗೆ ಬಂದರೂ ಅದೇ ಕೆಲಸ. ವ್ಯತ್ಯಾಸ ಏನೆಂದರೆ ಹತ್ತಿಯ ಬಟ್ಟೆ ಪೆಟ್ಟಿಗೆಯಲ್ಲ. ಅದು ಉಸಿರಾಡುತ್ತದೆ, ನೆನೆದಾಗ ಬಿಗಿಯುತ್ತದೆ, ಒಣಗಿದಾಗ ಸಡಿಲಾಗುತ್ತದೆ. ಪಟ್ಟಿಗಳನ್ನು ಬಿಸಿಲಲ್ಲಿ ಎಳೆದು ಕಟ್ಟಿಬಿಟ್ಟರೆ ಮಳೆ ಬಂದಾಗ ಬಟ್ಟೆ ಸೆಟೆದು, ಹಿತ್ತಾಳೆಯ ಕಣ್ಣಿನ ಸುತ್ತ ಹರಿಯುತ್ತದೆ. ಹಾಗಾಗಿ ಒಂದು ಬೆರಳು ಸಡಿಲ ಬಿಡಬೇಕು. ಇದು ನನಗೆ ಅವರೇ ಕಲಿಸಿದ್ದು; ಇದರಲ್ಲಿ ಮಾತ್ರ ಅನುಮಾನವಿಲ್ಲ, ಯಾಕೆಂದರೆ ನನ್ನ ಬೆರಳು ಅಲ್ಲಿ ಸಿಕ್ಕಿಹಾಕಿಕೊಂಡಿತ್ತು.

ಅವರ ನಿಯಮಗಳು ಸುಮಾರಿದ್ದವು. ಟಾಪನ್ನು ಸೋಪಿನಲ್ಲಿ ತೊಳೆಯಬಾರದು, ಸೋಪು ನೀರು ತಡೆಯುವ ಲೇಪವನ್ನೂ ಎಳೆದುಕೊಂಡು ಹೋಗುತ್ತದೆ. ಮೆದು ಬ್ರಷ್ಷು, ಬರೀ ನೀರು. ಜೋರಾಗಿ ನೀರು ಚಿಮ್ಮಿಸುವ ಯಂತ್ರ ಹತ್ತಿರ ತರಬಾರದು. ಪಾರಿವಾಳದ ಹಿಕ್ಕೆಯನ್ನು ಆ ದಿನವೇ ತೆಗೆಯಬೇಕು. ಜುಲೈಯಲ್ಲಿ ಲಿಂಡೆನ್ ಮರದ ಅಡಿಯಲ್ಲಿ ನಿಲ್ಲಿಸಬಾರದು, ಎಲೆಗಳಿಂದ ಅಂಟು ಇಬ್ಬನಿಯಂತೆ ಇಳಿದು ಬಟ್ಟೆಗೆ ಕೂರುತ್ತದೆ, ಅದರ ಮೇಲೆ ಕಪ್ಪು ಬೂಷ್ಟು. ಪ್ಲಾಸ್ಟಿಕ್ ಕಿಟಕಿಯನ್ನು ಚಳಿಯಲ್ಲಿ ಮಡಚಬಾರದು, ಸುತ್ತಬೇಕು, ಮಡಚಿದರೆ ಹಪ್ಪಳದಂತೆ ಒಡೆಯುತ್ತದೆ. ಕಮಾನು ತಾಗುವ ಕಡೆ ಬಟ್ಟೆ ಸವೆಯುತ್ತದೆ, ಅಲ್ಲಿ ಒಳಗಿನಿಂದ ಒಂದು ತುಂಡು ಚರ್ಮ ಹೊಲಿಯಬೇಕು. ಹೆಚ್ಚಾಗಿ ಬಟ್ಟೆ ಸಾಯುವ ಮುಂಚೆ ನೂಲು ಸಾಯುತ್ತದೆ, ಹೊಲಿಗೆಯನ್ನು ಉಗುರಿನಲ್ಲಿ ಕೆರೆದು ನೋಡಬೇಕು. ಎಲ್ಲಕ್ಕಿಂತ ದೊಡ್ಡದು: ಹಸಿ ಇರುವಾಗ ಮಡಚಬಾರದು. ಹಸಿ ಮಡಚಿದ ಟಾಪು ಒಂದು ವಾರದಲ್ಲಿ ಒಳಗಿನಿಂದ ಕೊಳೆಯಲು ಶುರು.

ವರ್ಷಕ್ಕೊಮ್ಮೆ ಒಣ ಬಿಸಿಲಿನ ದಿನ ನೋಡಿ ಮೇಣ ಬೆರೆತ ದ್ರಾವಣ ಬಳಿಯುವ ಕಾರ್ಯಕ್ರಮ. ಜರ್ಮನ್ನಿನಲ್ಲಿ ಅದಕ್ಕೆ ‘ಇಂಪ್ರೆಗ್ನೀರೆನ್’ ಎನ್ನುತ್ತಾರೆ, ಇಂಗ್ಲಿಷ್ ಬಲ್ಲ ಕಿವಿಗೆ ಅದು ಬಸಿರು ಮಾಡುವ ಮಾತಿನಂತೆ ಕೇಳುತ್ತದೆ.

“ಇವತ್ತು ಟಾಪನ್ನು ಇಂಪ್ರೆಗ್ನೀರೆನ್ ಮಾಡ್ಲಿಕ್ಕುಂಟು,” ಎಂದು ಭಾವ ಬೆಳಗಿನ ಕಾಫಿಗೆ ಘೋಷಿಸುತ್ತಿದ್ದರು.

“ಅಸಹ್ಯ ಮಾತಾಡ್ಬೇಡಿ ಮಾರಾಯ್ರೆ, ಮಗಳಿದ್ದಾಳೆ,” ಎನ್ನುತ್ತಿದ್ದಳು ಅಕ್ಕ.

“ಮಗಳಿಗೆ ಜರ್ಮನ್ ಬರ್ತದೆ, ಅವಳಿಗೆ ಅಸಹ್ಯ ಇಲ್ಲ. ನಿಂಗೆ ಇಂಗ್ಲಿಷ್ ಬರ್ತದೆ, ಅದೇ ತೊಂದ್ರೆ.”

ನಾನು ಭಾನುವಾರ ಹೋದಾಗಲೆಲ್ಲ ನನಗೂ ಒಂದು ಬ್ರಷ್ ಸಿಗುತ್ತಿತ್ತು. ಭಾವ-ಭಾವಮೈದರ ನಡುವೆ ಇರಬೇಕಾದ ಕೀಟಲೆ ನಮ್ಮಲ್ಲಿ ಎಲ್ಲವೂ ಆ ಟಾಪಿನ ಮೇಲೆಯೇ ನಡೆಯಿತು. ಪಿಎಚ್.ಡಿ. ಮಾಡಿದವನೆಂದು ಅವರು ನನ್ನನ್ನು ಡಾಕ್ಟ್ರೆ ಎನ್ನುತ್ತಿದ್ದರು. “ಡಾಕ್ಟ್ರೆ, ಸಂಶಯ ಪಡುದು ಆಮೇಲೆ, ಮೊದ್ಲು ಆ ಮೂಲೆ ಬಳೀರಿ.” “ಭಾವ, ಇದು ನೀರು ತಡೀತದೆ ಅಂತ ಪುರಾವೆ ಎಂತ?” “ಪುರಾವೆ ನಿನ್ನ ತಲೆ. ಮಳೆ ಬಂದಾಗ ಕೆಳಗೆ ಕೂರು, ಗೊತ್ತಾಗ್ತದೆ.”

*

ಆ ಬೇಸಿಗೆಯಲ್ಲಿ ಮೇಣದ ಬದಲು ತೆಂಗಿನೆಣ್ಣೆ ಬಂತು. ಎಲ್ಲಿಂದ ಬಂತು ಎಂಬುದಕ್ಕೂ ನನ್ನ ಹತ್ತಿರ ಎರಡು ಉತ್ತರಗಳಿವೆ. ಊರಿನಿಂದ ಬಂದ ಯಾರೋ ಒಂದು ದೊಡ್ಡ ಡಬ್ಬಿ ತಂದಿದ್ದರು, ಅಕ್ಕನ ಅಡುಗೆಮನೆಯಲ್ಲಿ ಅದು ಹಳತಾಗಿ ಕಮಟು ವಾಸನೆ ಬರುತ್ತಿತ್ತು, ಎಸೆಯಲು ಮನಸ್ಸಿರಲಿಲ್ಲ. ಇದು ಅಕ್ಕ ಹೇಳುವ ಉತ್ತರ. ಇನ್ನೊಂದು, ಭಾವ ಅದನ್ನು ಅಂಗಡಿಯಿಂದ ಬೇಕೆಂದೇ ತಂದರು ಎಂಬುದು. ಇದು ಎಲ್ಲಿಂದ ನನ್ನ ತಲೆಗೆ ಬಂತೋ ಗೊತ್ತಿಲ್ಲ.

ಅವರು ಏನು ಹೇಳಿದರು ಎಂಬುದು ಮಾತ್ರ ನಮ್ಮಿಬ್ಬರಲ್ಲೂ ಒಂದೇ ಇದೆ. ನಮ್ಮ ಕಡೆ ಮರದ ದೋಣಿಗಳಿಗೆ ಮಳೆಗಾಲಕ್ಕೆ ಮುಂಚೆ ಎಣ್ಣೆ ಹಚ್ಚುತ್ತಾರೆ. ಮೀನೆಣ್ಣೆ, ಗೇರುಬೀಜದ ಸಿಪ್ಪೆಯ ಎಣ್ಣೆ. “ದೋಣಿಗೆ ಆಗ್ತದೆ, ಟಾಪಿಗೆ ಯಾಕೆ ಆಗುದಿಲ್ಲ?” ಎಂದಿದ್ದರು ಭಾವ. ಬೇಸಿಗೆ ಬಿರುಸಾಗಿತ್ತು, ಎಣ್ಣೆ ನೀರಿನ ಹಾಗೆ ಇತ್ತು. ಬಟ್ಟೆ ಅದನ್ನು ಕುಡಿಯಿತು. ಮೇಲೆ ನೀರು ಹಾಕಿದರೆ ಮಣಿಗಳಾಗಿ ಉರುಳಿತು. ಇಡೀ ಓಣಿಗೆ ಅಂಗಳದಲ್ಲಿ ಯಾರೋ ಪತ್ರೊಡೆಗೆ ಒಗ್ಗರಣೆ ಹಾಕಿದ ವಾಸನೆ.

ಅಕ್ಟೋಬರಿನಲ್ಲಿ ಮೊದಲ ಚಳಿ ಬಂದ ಬೆಳಿಗ್ಗೆ, ಗೋಡೆಗೆ ಒತ್ತಿ ನಿಲ್ಲಿಸಿದ್ದ ಜೀಪಿನ ಟಾಪು ಕಾಣುವಷ್ಟೂ ಬೆಳ್ಳಗಿತ್ತು. ಮೊದಲು ಮಂಜು ಎಂದುಕೊಂಡೆವು. ಮಂಜಾಗಿದ್ದರೆ ಬಿಸಿಲು ಬಂದ ಮೇಲೆ ಕರಗಬೇಕಿತ್ತು. ಬಟ್ಟೆ ಹಲಗೆಯಂತೆ ಗಟ್ಟಿಯಾಗಿತ್ತು, ಮಡಿಕೆ ಇದ್ದಲ್ಲೆಲ್ಲ ಬಿಳಿ ಪುಡಿ ಉದುರುತ್ತಿತ್ತು. ನಮ್ಮ ಕಡೆಯ ಪ್ರತಿ ಮನೆಯವರಿಗೂ ಇದು ಗೊತ್ತು. ಇಲ್ಲಿ ಬಂದ ಮೊದಲ ವರ್ಷವೇ ಬಚ್ಚಲಿನಲ್ಲಿ ಎಣ್ಣೆಯ ಬಾಟಲಿ ಗಟ್ಟಿಯಾಗಿ, ತಲೆಗೆ ಹಚ್ಚಲು ಅದನ್ನು ಹೀಟರಿನ ಮೇಲಿಟ್ಟು ಕಾದಿರುತ್ತೇವೆ. ತೆಂಗಿನೆಣ್ಣೆ ಜರ್ಮನಿಯ ಚಳಿಗೆ ಹೆಪ್ಪುಗಟ್ಟುತ್ತದೆ ಎಂಬುದನ್ನು ಮರೆಯಲು ಸಾಧ್ಯವೇ ಇಲ್ಲ. ವರ್ಷದ ಮುಕ್ಕಾಲು ಭಾಗ ದಿನಾ ಕಣ್ಣೆದುರಿಗೆ ಇರುವ ಸಂಗತಿ. ನೀರು ತಡೆಯುವುದನ್ನೇ ಜೀವಮಾನವೆಲ್ಲ ಮಾಡಿದ ಮನುಷ್ಯ ಅದನ್ನು ಮರೆತರೆ?

ಅಕ್ಕನ ಪ್ರಶ್ನೆಯ ಬೇರು ಇದೇ.

ಆ ಬೆಳಿಗ್ಗೆ ನಾನು ಅಲ್ಲಿದ್ದೆ. ಉಗುರಿನ ಒಳಗೆ ಸೇರಿದ ಮೇಣದಂಥ ಬಿಳಿಯನ್ನು ಬಟ್ಟೆಗೆ ಒರೆಸಿಕೊಂಡದ್ದು ನೆನಪಿದೆ. ಮಗಳು ಹೊರಗೆ ಬಂದು ಮೂಗು ಮುಚ್ಚಿಕೊಂಡು, “ಈಗಿಟ್, ಛೀ! ಮಾಮ, ಇದು ಅಜ್ಜಿಯ ತಲೆ ವಾಸ್ನೆ,” ಎಂದದ್ದೂ ನೆನಪಿದೆ. ಆದರೆ ಭಾವ? ಒಂದು ನೆನಪಿನಲ್ಲಿ ಅವರು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ, “ಜೀಪಿಗೆ ತಲೆಸ್ನಾನ ಮಾಡ್ಸಿದ ಹಾಗಾಯ್ತು,” ಎನ್ನುತ್ತಾರೆ. ಇನ್ನೊಂದರಲ್ಲಿ ಅವರು ಏನೂ ಹೇಳುವುದಿಲ್ಲ, ಬಿಳಿಯನ್ನು ನೋಡುತ್ತ ಬಹಳ ಹೊತ್ತು ನಿಲ್ಲುತ್ತಾರೆ, ಅದೇನೆಂದು ಗೊತ್ತಾಗದವರ ಹಾಗೆ. ಎರಡೂ ನನಗೆ ಸಮಾನ ಸ್ಪಷ್ಟವಾಗಿ ಕಾಣುತ್ತವೆ. ಎರಡರಲ್ಲೂ ಅವರು ಹಾಕಿಕೊಂಡದ್ದು ಅದೇ ನೀಲಿ ಸ್ವೆಟರು. ಎರಡನೆಯದು ರೋಗ ಗೊತ್ತಾದ ಮೇಲೆ ಹುಟ್ಟಿದ ನೆನಪಿರಬಹುದು. ಮೊದಲನೆಯದು ಇನ್ನೂ ಆಮೇಲೆ, ಅಕ್ಕ ಕೇಳಿದ ಮೇಲೆ ಹುಟ್ಟಿದ್ದಿರಬಹುದು.

ಮುಂದಿನ ವರ್ಷ ಅವರು ಶ್ವೀಬರ್ಡಿಂಗೆನ್‌ನಿಂದ ಮನೆಗೆ ಬರುವ ದಾರಿ ತಪ್ಪಿದರು. ಆಮೇಲೆ ಒಂದೊಂದೇ. ಮೊದಲು ಹೋದದ್ದು ಜರ್ಮನ್, ನಂತರ ಇಂಗ್ಲಿಷ್. ಜೀಪು ಮನೆಯ ಪಕ್ಕದ ಚಾವಣಿಯ ಅಡಿಯಲ್ಲಿ, ಬಲಬದಿ ಗೋಡೆಗೆ ಒತ್ತಿ ನಿಂತಿತ್ತು. ಹಾಗೆಯೇ ನಿಂತಿತು. ನಮಗೆ ಕಾಣುತ್ತಿದ್ದದ್ದು ಎಡಬದಿ ಮಾತ್ರ. ಎಣ್ಣೆಗೆ ಧೂಳು ಹಿಡಿದು, ಧೂಳಿಗೆ ಬೂಷ್ಟು ಹಿಡಿದು ಅದು ಕಪ್ಪಾಗುತ್ತ ಹೋಯಿತು.

*

ಈ ವಸಂತದಲ್ಲಿ ಅಕ್ಕನ ಮಗಳು, ಈಗ ಅವಳು ಫ್ರೈಬುರ್ಗ್‌ನಲ್ಲಿ ಓದುತ್ತಿದ್ದಾಳೆ, ಜೀಪು ತನಗೆ ಬೇಕು ಎಂದಳು. ವಾಹನ ತಪಾಸಣೆ ಆಗಬೇಕು, ಅದಕ್ಕೆ ಹಿಂದಿನ ಕಿಟಕಿ ಸರಿಯಾಗಬೇಕು, ಕಿಟಕಿ ಸರಿಯಾಗಬೇಕಾದರೆ ಟಾಪು. ಟಾಪು ಹೊಲಿಯುವ ಒಬ್ಬನನ್ನು ನಾನು ಕರೆದುಕೊಂಡು ಬಂದೆ. ಅವನು ಬಟ್ಟೆಯ ಒಂದು ಮೂಲೆ ಎತ್ತಿ ಮೂಸಿದ.

“ಸನ್ ಕ್ರೀಮಾ?” ಎಂದ ಜರ್ಮನ್ನಿನಲ್ಲಿ.

ಇಲ್ಲಿಯವರಿಗೆ ತೆಂಗಿನ ವಾಸನೆ ಎಂದರೆ ಸಮುದ್ರದ ರಜೆ. ನಾನು ವಿವರಿಸಲು ಹೋಗಲಿಲ್ಲ. ಅವನು ಎಡಬದಿಯಲ್ಲಿ ಹೆಬ್ಬೆರಳು ಒತ್ತಿದ, ಬಟ್ಟೆ ಒದ್ದೆ ಕಾಗದದಂತೆ ಬಿಟ್ಟುಕೊಂಡಿತು. ಹೊಸದು ಹಾಕಿಸಿ, ಈಗ ಸಿಂಥೆಟಿಕ್ ಬಟ್ಟೆ ಬರುತ್ತದೆ, ಕೊಳೆಯುವುದಿಲ್ಲ, ಏನೂ ಬಳಿಯಬೇಕಿಲ್ಲ, ಹಳೆಯದನ್ನು ಎಸೆಯಿರಿ, ಎಂದು ಹೇಳಿ ಅಳತೆ ತೆಗೆದುಕೊಂಡು ಹೋದ.

“ಎಸೀಬೇಡ,” ಎಂದಳು ಅಕ್ಕ. “ಒಂದ್ಸಲ ಅವರನ್ನು ಕರ್ಕೊಂಡು ಬರುವ. ನೋಡಿದ್ರೆ ಏನಾದ್ರೂ ಹೇಳ್ತಾರೋ ಏನೋ.”

ಭಾನುವಾರ ನಾವು ಭಾವನನ್ನು ಹೈಮ್‌ನಿಂದ ಮನೆಗೆ ಕರೆತಂದೆವು. ಮಗಳೂ ಬಂದಿದ್ದಳು. ಬೆಳಿಗ್ಗೆ ಜೀಪನ್ನು ಗೋಡೆಯ ಬದಿಯಲ್ಲೇ, ಮುಂಭಾಗ ಮಾತ್ರ ಚಾವಣಿಯಿಂದ ಹೊರಗೆ ಬರುವಷ್ಟು ತಳ್ಳಿದ್ದೆವು, ಆಮೇಲೆ ಒಂದು ತುಂತುರು ಮಳೆ ಬಂದು ಹೋಗಿತ್ತು. ಭಾವನನ್ನು ಮುಂದಿನ ಸೀಟಿನಲ್ಲಿ ಕೂರಿಸಿದೆವು. ಅವರು ಕಾಲುಗಳನ್ನು ಜೋಡಿಸಿಕೊಂಡು, ಬಸ್ಸಿನಲ್ಲಿ ಕೂತವರ ಹಾಗೆ ಕೂತರು.

ಮಗಳು ಅವರ ಮೊಣಕಾಲಿನ ಹತ್ತಿರ ಕುಕ್ಕರಗಾಲಿನಲ್ಲಿ ಕೂತು ಜರ್ಮನ್ನಿನಲ್ಲಿ ಏನೋ ಕೇಳಿದಳು. ಅವರು ಅವಳನ್ನು ನೋಡಿ, ಅಪರಿಚಿತರನ್ನು ಕಂಡಾಗ ನಗುವಂತೆ ನಕ್ಕರು. ಅವಳು ಕನ್ನಡಕ್ಕೆ ಬಂದಳು, ಅವಳ ಕನ್ನಡ ಕಷ್ಟದ್ದು.

“ಅಪ್ಪ, ಸರಿ ಕೂತಿದ್ದೀರಾ? ಬೆನ್ನು... ನೋವು ಇಲ್ಲ?”

ಭಾವನ ಮುಖ ಬೆಳಗಿತು. “ಓ, ನೀವು ಕನ್ನಡ ಮಾತಾಡ್ತೀರಿ! ಯಾವ ಊರಾಯ್ತು ನಿಮ್ದು?”

ಅವಳು ನನ್ನ ಕಡೆ ನೋಡಿದಳು. ನಾನು ಪಟ್ಟಿಯ ಬಕಲ್ ನೋಡುತ್ತಿದ್ದೆ.

“ಸ್ಟುಟ್‌ಗಾರ್ಟ್,” ಎಂದಳು.

“ಅಯ್ಯೋ, ಅಷ್ಟು ದೂರದಿಂದ ಬಂದ್ರಾ? ಊಟ ಮಾಡಿಯೇ ಹೋಗ್ಬೇಕು.”

“ಮಾಡ್ತೇನೆ,” ಎಂದಳು ಮಗಳು. ಎದ್ದು ಮನೆಯೊಳಗೆ ಹೋದಳು. ಅವಳು ಒಳಗೆ ಏನು ಮಾಡಿದಳೋ ನಾನು ಹೋಗಿ ನೋಡಲಿಲ್ಲ. ಹೋಗಬೇಕು ಎಂದೂ ಅನ್ನಿಸಲಿಲ್ಲ, ಏನೂ ಅನ್ನಿಸುತ್ತಿರಲಿಲ್ಲ. ಬಕಲ್ಲಿನ ನಾಲಗೆಗೆ ತುಕ್ಕು ಹಿಡಿದಿತ್ತು.

ಅಕ್ಕ ಹೊರಗೆ, ಗಾಡಿಯ ಬಾಗಿಲಿನ ಹತ್ತಿರ ನಿಂತಿದ್ದಳು. “ರೀ, ಇದು ನೋಡಿ. ನೆನಪುಂಟಾ? ಎಣ್ಣೆ ಹಚ್ಚಿದ್ರಲ್ಲ ನೀವು.”

ಭಾವ ಕೈ ಎತ್ತಿ ತಲೆಯ ಮೇಲಿನ ಬಟ್ಟೆಯನ್ನು ಅಂಗೈಯಿಂದ ಒತ್ತಿದರು. ಒಮ್ಮೆ ಒತ್ತಿ, ಕೈ ಸರಿಸಿ, ಮತ್ತೆ ಒತ್ತಿದರು.

“ಹಸಿ ಉಂಟು,” ಎಂದರು. “ಮಡಚ್ಬೇಡಿ.”

ಅಕ್ಕ ನನ್ನನ್ನು ನೋಡಿದಳು. ಅವರನ್ನು ವಾಪಸು ಬಿಟ್ಟು ಬರುವಾಗ ಕಾರಿನಲ್ಲಿ ಅವಳೆಂದಳು, “ನೋಡಿದ್ಯಾ? ಈಗ್ಲೂ ಗೊತ್ತುಂಟು ಅವರಿಗೆ. ಈಗ್ಲೇ ಇಷ್ಟು ಗೊತ್ತಿದ್ರೆ ಆಗ ಎಷ್ಟು ಗೊತ್ತಿರ್ಬೇಡ?”

ನಾನು ಸುಮ್ಮನಿರಬೇಕಿತ್ತು. “ಕೈಯ ನೆನಪು ಬೇರೆ ಅಕ್ಕ. ಅದು ಕಡೆಯವರೆಗೂ ಉಳೀತದೆ. ಅದ್ರಿಂದ ಆಗಿನದ್ದು ಹೇಳ್ಲಿಕ್ಕಾಗುದಿಲ್ಲ,” ಎಂದೆ.

“ನಿಂಗೆ ಇಷ್ಟೆಲ್ಲ ಓದಿಸಿದ್ದು ಯಾರು?”

“ಅಪ್ಪ.”

“ಅಪ್ಪನಿಗೆ ಬುದ್ಧಿ ಇರ್ಲಿಲ್ಲ.”

ಸಿಗ್ನಲ್ ಹಸಿರಾಯಿತು.

*

ಹೊಸ ಟಾಪು ತಯಾರಾಗಿದೆ ಎಂದು ಸುದ್ದಿ ಬಂದ ಮೇಲೆ, ಹಳೆಯದನ್ನು ಬಿಚ್ಚಲು ನಾನು ಮತ್ತು ಅಕ್ಕ ಇಬ್ಬರೇ ನಿಂತೆವು. ಒಣ ಬಿಸಿಲಿತ್ತು. ಕೆಲವು ಪಟ್ಟಿಗಳನ್ನು ಕತ್ತರಿಸಬೇಕಾಯಿತು. ಬಿಚ್ಚಿ ಹುಲ್ಲಿನ ಮೇಲೆ ಹರಡಿದಾಗ ಮೊದಲ ಬಾರಿ ಇಡೀ ಟಾಪು ಒಟ್ಟಿಗೆ ಕಂಡಿತು.

ಎಡ ಅರ್ಧ ಕಪ್ಪು. ಬಲ ಅರ್ಧ, ಇಷ್ಟು ವರ್ಷ ಗೋಡೆಯ ಕಡೆಗಿದ್ದದ್ದು, ಮಾಸಿದ ಹಸಿರು. ಅಲ್ಲಿ ಎಣ್ಣೆ ಇರಲಿಲ್ಲ. ಅಕ್ಕ ಗಿಡಕ್ಕೆ ನೀರು ಹಾಕುವ ಕ್ಯಾನಿನಿಂದ ಬಲಕ್ಕೆ ಸ್ವಲ್ಪ ನೀರು ಸುರಿದಳು. ನೀರು ಮಣಿಗಳಾಗಿ ನಿಂತಿತು. ಎಡಕ್ಕೆ ಸುರಿದಳು, ಅದು ಇಂಗಿತು.

“ಇಲ್ಲಿ ಮೇಣ ಹಚ್ಚಿದ್ದಾರೆ,” ಎಂದೆ.

ಅವಳು ಎರಡೂ ಬದಿಯನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಆಮೇಲೆ ಕ್ಯಾನನ್ನು ಕೆಳಗಿಟ್ಟು, “ಒಂದು ಬದಿಗೆ ಮೇಣ ಹಚ್ಚಿದ್ದಾರೆ. ಆಮೇಲೆ ಎಂತ ಮಾಡ್ತಾ ಇದ್ದೆ ಅಂತ ಮರ್ತಿದ್ದಾರೆ. ಅಡುಗೆಮನೆಗೆ ಬಂದು ಕೈಗೆ ಸಿಕ್ಕಿದ ಡಬ್ಬಿ ತಕ್ಕೊಂಡು ಹೋಗಿದ್ದಾರೆ,” ಎಂದಳು. ದನಿ ಸಪಾಟಾಗಿತ್ತು, ಯಾರದೋ ಮನೆಯ ಸಂಗತಿ ಹೇಳುವಂತೆ. “ಶುರುವಾಗಿತ್ತು. ಆಯ್ತು ಬಿಡು.”

ಆಗಲೇ ನನಗೆ ಭಾವನ ಮಾತು ಕೇಳಿಸಿತು: “ಒಂದು ಬದಿ ಜರ್ಮನಿ, ಒಂದು ಬದಿ ಉಡುಪಿ. ನೋಡುವ ಡಾಕ್ಟ್ರೆ, ಯಾರು ಗೆಲ್ತಾರೆ.” ಅವರದೇ ದನಿ, ಡಾಕ್ಟ್ರೆ ಎನ್ನುವಾಗ ಮೂಗಿನಲ್ಲಿ ಬರುವ ಅದೇ ಎಳೆತ. ನಾನು ಅದನ್ನು ಜೋರಾಗಿ ಹೇಳಿಬಿಟ್ಟೆ. ಅವರು ಪರೀಕ್ಷೆ ಮಾಡುತ್ತಿದ್ದರು, ಎರಡು ಬದಿಗಳನ್ನು ಹೋಲಿಸಿ ನೋಡುತ್ತಿದ್ದರು, ನನಗೆ ಹಾಗೆಂದಿದ್ದರು, ಎಂದೆ.

“ಯಾವಾಗ ಹೇಳಿದ್ರು?”

“ಆವತ್ತೇ.”

“ಆವತ್ತು ನೀನಿದ್ದದ್ದೇ ನಿಂಗೆ ಗೊತ್ತಿಲ್ಲ ಅಂದಿದ್ದಿ.”

ಆ ಮಾತು ಆ ಕ್ಷಣದವರೆಗೆ ನನ್ನ ತಲೆಯಲ್ಲಿ ಎಲ್ಲೂ ಇರಲಿಲ್ಲ. ಎರಡು ಬಣ್ಣ ಕಂಡ ಮೇಲೆ ಬಂತು. ಬೇರೆ ಯಾರಾದರೂ ಹೀಗೆ ಹೇಳಿದ್ದರೆ ನಾನೇ ಮೊದಲು ನಗುತ್ತಿದ್ದೆ.

“ನನ್ನನ್ನು ಸಮಾಧಾನ ಮಾಡ್ಲಿಕ್ಕೆ ಹೇಳ್ಬೇಡ ಮಾರಾಯ,” ಎಂದಳು ಅಕ್ಕ. ಸಿಟ್ಟಿರಲಿಲ್ಲ. “ನಿಂಗೆ ಅದು ಬರುದೂ ಇಲ್ಲ.”

ನಾವು ಟಾಪನ್ನು ಒಣಗಲು ಬಿಟ್ಟು ಒಳಗೆ ಹೋಗಿ ಊಟ ಮಾಡಿದೆವು. ತಂಬುಳಿ, ಅನ್ನ, ಪಲ್ಯ. ಅವಳು ಹೊಸ ಟಾಪಿನ ಬಣ್ಣದ ಬಗ್ಗೆ ಮಾತಾಡಿದಳು. ಹಳೆಯದನ್ನು ನಾನೇ ಎಸೆಯುತ್ತೇನೆ ಎಂದು ಸುತ್ತಿ ತೆಗೆದುಕೊಂಡು ಬಂದೆ.

ಎಸೆಯಲಿಲ್ಲ. ನನ್ನ ಮನೆಯ ನೆಲಮಾಳಿಗೆಯಲ್ಲಿ, ಸೈಕಲ್ಲುಗಳ ಹಿಂದೆ ಅದು ಕೆಲವು ವಾರ ಬಿದ್ದಿತ್ತು. ಮನೆಯಲ್ಲಿ ಕೂರಲಾಗದ ಒಂದು ಶನಿವಾರ ಕೆಳಗೆ ಹೋಗಿ, ಸೈಕಲ್ಲುಗಳನ್ನು ನೆಲಮಾಳಿಗೆಯ ನಡುದಾರಿಗೆ ತಳ್ಳಿ, ಟಾಪನ್ನು ಕಾಂಕ್ರೀಟಿನ ಮೇಲೆ ಬಿಚ್ಚಿದೆ. ಏನನ್ನು ಹುಡುಕುತ್ತಿದ್ದೆ ಎಂದು ಕೇಳಿದರೆ ಹೇಳಲು ಬರುತ್ತಿರಲಿಲ್ಲ. ಕಪ್ಪು ಮುಗಿದು ಹಸಿರು ಶುರುವಾಗುವ ಕಡೆ ಮಂಡಿಯೂರಿ, ಟಾರ್ಚನ್ನು ಓರೆಯಾಗಿ ಹಿಡಿದೆ. ಕೆಲಸದಲ್ಲಿ ಗೀರು ಹುಡುಕುವಾಗ ಹೀಗೆ ಹಿಡಿಯುವುದು ಅಭ್ಯಾಸ.

ಎರಡು ಬಣ್ಣಗಳ ಮಧ್ಯೆ ಒಂದು ಸಪೂರ ಪಟ್ಟಿ ಇತ್ತು. ಎಡದಿಂದ ಎಣ್ಣೆ ಅದರೊಳಕ್ಕೆ ಅಲ್ಲಲ್ಲಿ ನುಗ್ಗಿತ್ತು, ಆದರೂ ಪಟ್ಟಿ ಕಾಣುತ್ತಿತ್ತು. ಬೆರಳಾಡಿಸಿದರೆ ಅಂಟಂಟು. ಬಣ್ಣ ಬಳಿಯುವವರು ಗೋಡೆಯ ಅಂಚಿಗೆ ಅಂಟಿಸುವ ಕಾಗದದ ಟೇಪು ತೆಗೆದ ಮೇಲೆ ಉಳಿಯುವ ಅಂಟು. ಅದರ ಎರಡೂ ಅಂಚಿನಲ್ಲಿ ಧೂಳು ಎರಡು ಗೆರೆಗಳಾಗಿ ಕೂತಿತ್ತು.

ಅಲ್ಲಿಂದಲೇ ಅಕ್ಕನಿಗೆ ಫೋನ್ ಮಾಡಿದೆ. ನೆಲಮಾಳಿಗೆಯಲ್ಲಿ ಸಿಗ್ನಲ್ ಸರಿಯಿರಲಿಲ್ಲ, ಎರಡು ಸಲ ಹೇಳಬೇಕಾಯಿತು.

“ಟೇಪಾ?” ಎಂದಳು.

“ಟೇಪು. ಮಧ್ಯದಲ್ಲಿ. ಮೊದ್ಲೇ ಅಂಟಿಸಿ ಆಮೇಲೆ ಬಳಿದದ್ದು. ಮರ್ತು ಡಬ್ಬಿ ಬದ್ಲಾದದ್ದಲ್ಲ.”

“ನೀನು ಕಣ್ಣಿಂದ ನೋಡಿದ್ದಾ, ಅಲ್ಲ ನೆನಪು ಮಾಡ್ಕೊಂಡದ್ದಾ?”

“ಕೈಯ ಅಡಿಯಲ್ಲಿ ಉಂಟು.”

ಆ ಕಡೆ ನಲ್ಲಿ ಹರಿಯುವ ಸದ್ದು ಬರುತ್ತಿತ್ತು, ಅದು ನಿಂತಿತು. “ದಿನಾ ಗೊತ್ತುಂಟು ಅಂದಿದ್ರು,” ಎಂದಳು, ನನಗಲ್ಲ. ಆಮೇಲೆ, ಅಂಗಿಗೆ ಎಣ್ಣೆ ಮೆತ್ತಿಕೊಳ್ಳಬೇಡ, ಹೋಗುವುದಿಲ್ಲ, ಎಂದು ಹೇಳಿ ಫೋನಿಟ್ಟಳು.

ಟೇಪು ಬೇರೆ ಕಾರಣಕ್ಕೂ ಬಂದಿರಬಹುದು ಎಂಬುದು ನನಗೆ ಆಮೇಲೆ ಹೊಳೆಯಿತು. ಸೋರುವ ಹೊಲಿಗೆಗೆ ಜನ ಟೇಪು ಹಚ್ಚುತ್ತಾರೆ. ಹಾಗಾಗಿ ಮರುದಿನ ಹಗಲಿನಲ್ಲಿ ಟಾಪನ್ನು ಅಂಗಳಕ್ಕೆ ತಂದು, ಒಳಗೂ ಹೊರಗೂ ತಿರುಗಿಸಿ, ಉದ್ದದ ಅಳತೆಪಟ್ಟಿ ಇಟ್ಟು ನೋಡಿದೆ. ಟಾಪಿನ ಹೊಲಿಗೆಗಳೆಲ್ಲ ಎರಡು ಪಕ್ಕಗಳಲ್ಲಿವೆ. ನಡುವೆ ಹೊಲಿಗೆ ಇಲ್ಲ, ಹರಕೂ ಇಲ್ಲ. ಅಂಟಿನ ಗುರುತು ಬಟ್ಟೆಯ ಹೊರಮೈಯಲ್ಲಿದೆ, ಮುಂದಿನ ಅಂಚಿನಿಂದ ಹಿಂದಿನ ಅಂಚಿನವರೆಗೆ ಎಲ್ಲೂ ತುಂಡಾಗಿಲ್ಲ, ಮತ್ತು ಅದು ನೇರವಾಗಿದೆ.